ೞ ಅಕ್ಷರದ ಅಳಿವು–ಉಳಿವು

ೞ ಹಳಗನ್ನಡದ ಒಂದು ವ್ಯಂಜನ. ಇಂದು ಶಾಲೆಯಲ್ಲಿ ಕಲಿಸುವ ವರ್ಣಮಾಲೆ ಳಕಾರಕ್ಕೆ ಮುಗಿಯುತ್ತದೆ. ಸಾವಿರ ವರ್ಷಗಳ ಹಿಂದಿನ ವರ್ಣಮಾಲೆಯಲ್ಲಿ ೞ ಕೂಡ ಸೇರಿತ್ತು. ಮಳೆ, ಬಾಳೆ, ಕೋಳಿ, ಹುಳು, ಕೊಳಲು, ಹಳೆಯ, ಕೆಳಗೆ, ಬಳಿಕ, ಏಳು ಎಂದು ಈಗ ಬರೆಯುವ ಪದಗಳನ್ನು ಪಂಪನ ಕಾಲದಲ್ಲಿ ಮೞೆ, ಬಾೞೆ, ಕೋೞಿ, ಪುೞು, ಕೊೞಲ್, ಪೞೆಯ, ಕೆೞಗೆ, ಬೞಿಕ, ಏೞು ಎಂದು ಬರೆಯುತ್ತಿದ್ದರು. ವ್ಯಾಕರಣಕಾರರು ಈ ಅಕ್ಷರಕ್ಕೆ ಇಟ್ಟ ಹೆಸರು ‘ರೞ’.

ಇದರ ಉಚ್ಚಾರಣೆ ಳಕಾರದ ಹತ್ತಿರದ್ದು, ಆದರೆ ಳಕಾರವಲ್ಲ. ‘ಳ’ ಎನ್ನುವಾಗ ನಾಲಗೆಯ ತುದಿ ಹಿಂದಕ್ಕೆ ಮಡಚಿಕೊಂಡು ಅಂಗುಳಕ್ಕೆ ಒತ್ತುತ್ತದೆ; ಉಸಿರು ನಾಲಗೆಯ ಎರಡು ಬದಿಗಳಿಂದ ಹೊರಬರುತ್ತದೆ. ‘ೞ’ ಎನ್ನುವಾಗಲೂ ನಾಲಗೆ ಹಾಗೆಯೇ ಮಡಚಿಕೊಳ್ಳುತ್ತದೆ, ಆದರೆ ಅಂಗುಳವನ್ನು ಮುಟ್ಟುವುದಿಲ್ಲ. ನಡುವೆ ಉಳಿದ ಸಂದಿಯಲ್ಲಿ ಉಸಿರು ತಡೆಯಿಲ್ಲದೆ ಹರಿದುಹೋಗುತ್ತದೆ. ಕೇಳುವವರಿಗೆ ಅದು ಒಮ್ಮೆ ರಕಾರದಂತೆ, ಒಮ್ಮೆ ಳಕಾರದಂತೆ ಅನಿಸುತ್ತದೆ. ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂ ಈ ದನಿಯನ್ನು ಲ, ಳಗಳ ಜೊತೆ ಸೇರಿಸದೆ ರಕಾರದ ಜೊತೆ ಇಟ್ಟು, ಎರಡೂ ನಾಲಗೆಯ ತುದಿ ಮೇಲೆದ್ದು ಅಂಗುಳವನ್ನು ಸವರುವುದರಿಂದ ಹುಟ್ಟುತ್ತವೆ ಎಂದು ವಿವರಿಸುತ್ತದೆ. ಕನ್ನಡದ ‘ರೞ’ ಎಂಬ ಹೆಸರಿನಲ್ಲೂ ರಕಾರದ ನಂಟು ಕಾಣುತ್ತದೆ. ಮುಂದೆ ಕನ್ನಡದಲ್ಲಿ ಈ ದನಿ ಒಡೆದು ಸೇರಿಕೊಂಡದ್ದೂ ಇದೇ ಎರಡು ಕಡೆ: ಕೆಲವು ಪದಗಳಲ್ಲಿ ರಕಾರಕ್ಕೆ, ಉಳಿದವುಗಳಲ್ಲಿ ಳಕಾರಕ್ಕೆ.

ಮೂರು ಬಗೆಯ ಳಕಾರ

ಹಳಗನ್ನಡದ ಅಕ್ಷರಗಳ ಸ್ಪಷ್ಟವಾದ ಲೆಕ್ಕ ಸಿಗುವುದು ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ. ಸುಮಾರು 1260ರಲ್ಲಿ, ಹೊಯ್ಸಳರ ಕಾಲದಲ್ಲಿ ರಚಿತವಾದ ಈ ವ್ಯಾಕರಣದ ಕರ್ತೃ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ, ಕವಿ ಜನ್ನನ ಸೋದರಳಿಯ. ಸಂಸ್ಕೃತದ ಅಕ್ಷರಗಳನ್ನೂ ದೇಶೀಯ ಅಕ್ಷರಗಳನ್ನೂ ಕೂಡಿಸಿ 57 ಎಂದು ಎಣಿಸಿ, ಅಚ್ಚಗನ್ನಡಕ್ಕೆ ಬೇಡವಾದ 10ನ್ನು ಕಳೆದು, ಕನ್ನಡದ ಶುದ್ಧಾಕ್ಷರಗಳು 47 ಎಂದು ಅವನು ನಿರ್ಣಯಿಸುತ್ತಾನೆ. ಸಂಸ್ಕೃತದಲ್ಲಿಲ್ಲದ, ಕನ್ನಡಕ್ಕೆ ವಿಶೇಷವಾದ ದೇಶೀಯ ಅಕ್ಷರಗಳು ಐದು: ಹ್ರಸ್ವ ಎ, ಹ್ರಸ್ವ ಒ, ಱ, ೞ ಮತ್ತು ಳ.

ಇಂದಿನ ಕನ್ನಡಿಗರು ಒಂದೇ ಎಂದು ತಿಳಿದಿರುವ ಳಕಾರದ ಹಿಂದೆ ಕೇಶಿರಾಜ ಮೂರನ್ನು ಗುರುತಿಸುತ್ತಾನೆ. ಸಂಸ್ಕೃತದ ಲಕಾರ ಕನ್ನಡದ ಬಾಯಲ್ಲಿ ಳಕಾರವಾದರೆ ಅದು ‘ಕ್ಷಳ’. ಧವಲ ಧವಳವಾದದ್ದು, ಕಮಲ ಕಮಳವಾದದ್ದು ಹೀಗೆ. ಕನ್ನಡದ ಸ್ವಂತ ಪದಗಳಲ್ಲಿ ಸಹಜವಾಗಿ ಬರುವ ಳಕಾರ ‘ಕುಳ’. ಕೊಳ್, ಕೇಳ್, ಎಳೆಯ ಎಂಬಲ್ಲಿ ಇರುವುದು ಇದು. ಮೂರನೆಯದು ‘ರೞ’, ಅಂದರೆ ೞ. ಕ್ಷಳಕ್ಕೂ ಕುಳಕ್ಕೂ ಇರುವ ಭೇದ ಪದದ ಮೂಲದ್ದು. ಬರೆಯುವ ಅಕ್ಷರ ಎರಡಕ್ಕೂ ಒಂದೇ. ರೞದ ದನಿಯೂ ಬೇರೆ, ಬರೆಯುವ ಅಕ್ಷರವೂ ಬೇರೆ.

ಈ ಭೇದ ಬರಿಯ ಪಂಡಿತರ ಸೂಕ್ಷ್ಮವಾಗಿರಲಿಲ್ಲ, ಅರ್ಥವೇ ಅದನ್ನು ಅವಲಂಬಿಸಿತ್ತು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಜೀವಿಸು. ಉಳಿ ಎಂದರೆ ಬಡಗಿಯ ಉಪಕರಣ, ಉೞಿ ಎಂದರೆ ಮಿಕ್ಕಿರು. ಆಳ್ ಎಂದರೆ ದೊರೆತನ ಮಾಡು, ಆೞ್ ಎಂದರೆ ಮುಳುಗು. ನೀರಿನ ‘ಆಳ’ ಬಂದದ್ದು ಎರಡನೆಯದರಿಂದ. ಪೊಳೆ ಎಂದರೆ ಮಿಂಚು, ಪೊೞೆ ಎಂದರೆ ನದಿ. ಎಳೆ ಎಂದರೆ ಎಳೆತನದ್ದು, ಎೞೆ ಎಂದರೆ ನೂಲಿನ ಎಳೆ ಅಥವಾ ಸೆಳೆ. ಸಂಸ್ಕೃತದಿಂದ ಬಂದ ಅಳಿ ದುಂಬಿ, ಕನ್ನಡದ ಅೞಿ ನಾಶವಾಗು. ಬಿಸಿಲಿಗೆ ಹೊಳೆ ಹೊಳೆಯಿತು ಎಂದು ಇಂದು ಬರೆದರೆ ಎರಡೂ ‘ಹೊಳೆ’ ಒಂದೇ ತೆರ. ಹಳಗನ್ನಡದ ಓದುಗನಿಗೆ ಅವು ಬರೆಹದಲ್ಲೂ ಉಚ್ಚಾರಣೆಯಲ್ಲೂ ಎರಡು ಪದಗಳು.

ದನಿಯ ಮೂಲ, ಲಿಪಿಯ ಮೂಲ

ೞ ದನಿ ಕನ್ನಡ ಒಂದರ ಸೊತ್ತಲ್ಲ. ದ್ರಾವಿಡ ಭಾಷೆಗಳೆಲ್ಲಕ್ಕೂ ಮೂಲವಾದ ಭಾಷೆಯಲ್ಲೇ ಅದು ಇತ್ತು ಎಂದು ತೌಲನಿಕ ವ್ಯಾಕರಣ ತೀರ್ಮಾನಿಸಿದೆ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಆರಂಭಿಸಿದ ಈ ಅಧ್ಯಯನವನ್ನು ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಷ್ಪತ್ತಿ ಕೋಶ, ಭದ್ರಿರಾಜು ಕೃಷ್ಣಮೂರ್ತಿಯವರ ಕೃತಿಗಳು ಮುಂದುವರಿಸಿ, ಯಾವ ಪದದಲ್ಲಿ ಮೂಲ ೞ ಇತ್ತು, ಯಾವುದರಲ್ಲಿ ಳ ಇತ್ತು ಎಂಬುದನ್ನು ಭಾಷೆಯಿಂದ ಭಾಷೆಗೆ ಹೋಲಿಸಿ ಕಂಡುಕೊಂಡಿವೆ. ಮೂರ್ಧನ್ಯ ದನಿಗಳು ಮೂಲ ದ್ರಾವಿಡದಲ್ಲಿ ಪದದ ಮೊದಲಿಗೆ ಬರುತ್ತಿರಲಿಲ್ಲ. ಹಳಗನ್ನಡದಲ್ಲೂ ೞದಿಂದ ಶುರುವಾಗುವ ಪದವಿಲ್ಲ. ಅದು ಪದದ ನಡುವೆ ಅಥವಾ ಕೊನೆಯಲ್ಲಿ ಮಾತ್ರ ಬರುತ್ತದೆ.

ಸಂಸ್ಕೃತದಲ್ಲಾಗಲಿ ಪ್ರಾಕೃತದಲ್ಲಾಗಲಿ ಈ ದನಿ ಇರಲಿಲ್ಲ. ಅಲ್ಲಿನವರು ಇದನ್ನು ಕೇಳಿದಾಗ ತಮಗೆ ಹತ್ತಿರವೆನಿಸಿದ ಡ, ಳ, ಲಗಳಲ್ಲಿ ಒಂದನ್ನು ಹಾಕಿಕೊಂಡರು. ತಮಿೞ್ ಎಂಬ ಹೆಸರು ದ್ರಮಿಡ, ದ್ರವಿಡ ಎಂದಾದದ್ದು, ಚೋೞ ಎಂಬುದು ಚೋಡ, ಚೋಲ, ಚೋಳ ಎಂದಾದದ್ದು ಹೀಗೆ.

ಲಿಪಿಯ ಕಥೆ ಆರಂಭವಾಗುವುದು ಬ್ರಾಹ್ಮಿಯಿಂದ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕನ ಶಾಸನಗಳು ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಮೂಡಿದಾಗ ಅವುಗಳ ಭಾಷೆ ಪ್ರಾಕೃತವಾಗಿತ್ತು. ಪ್ರಾಕೃತಕ್ಕೆ ಬೇಡದ ದನಿಗೆ ಆ ಬ್ರಾಹ್ಮಿಯಲ್ಲಿ ಅಕ್ಷರವಿರಲಿಲ್ಲ. ಬ್ರಾಹ್ಮಿಯನ್ನು ದ್ರಾವಿಡ ಭಾಷೆಗೆ ಹೊಂದಿಸಹೊರಟವರಿಗೆ ಮೊದಲು ಎದುರಾದ ತೊಡಕು ಇದೇ. ತಮಿಳು ನಾಡಿನ ಗುಹೆಗಳಲ್ಲಿ ದೊರೆತ ತಮಿಳು ಬ್ರಾಹ್ಮಿಯಲ್ಲಿ ೞ, ಳ, ಱ ಮತ್ತು ತಮಿಳಿಗೇ ವಿಶೇಷವಾದ ಇನ್ನೊಂದು ನಕಾರಕ್ಕೆ ಪ್ರತ್ಯೇಕ ಚಿಹ್ನೆಗಳಿವೆ. ಕನ್ನಡದಲ್ಲಿ ಕದಂಬರ ಕಾಲದ ಲಿಪಿಯಿಂದಲೇ ೞ ಇದೆ. ಆ ಲಿಪಿ ಕನ್ನಡಕ್ಕೂ ತೆಲುಗಿಗೂ ಸಮಾನವಾದದ್ದರಿಂದ ಆರಂಭಕಾಲದ ತೆಲುಗು ಶಾಸನಗಳಲ್ಲೂ ಈ ಅಕ್ಷರ ಸಿಗುತ್ತದೆ.

ಕಲ್ಲಿನ ಮೇಲಿನ ಸಾಕ್ಷ್ಯ

1936ರಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 450ರ ಶಾಸನವನ್ನು ಕನ್ನಡದ ಅತ್ಯಂತ ಹಳೆಯ ಶಾಸನಗಳ ಸಾಲಿನಲ್ಲಿ ಎಣಿಸಲಾಗುತ್ತದೆ. ಯುದ್ಧದಲ್ಲಿ ಪರಾಕ್ರಮ ತೋರಿದ ವೀರನಿಗೆ ಹಳ್ಳಿಗಳನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಆ ದತ್ತಿಗೆ ಶಾಸನ ಕೊಡುವ ಹೆಸರು ‘ಬಾಳ್ಗೞ್ಚು’. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ರಕ್ತ ಮೆತ್ತಿದ ಕತ್ತಿಯನ್ನು ತೊಳೆದು ಕೊಟ್ಟ ಗೌರವ. ಈ ಒಂದೇ ಪದದಲ್ಲಿ ಳಕಾರವೂ ೞಕಾರವೂ ಅಕ್ಕಪಕ್ಕ ನಿಂತಿವೆ. ಕೆತ್ತಿದವನಿಗೆ ಅವೆರಡರ ಭೇದ ಸ್ಪಷ್ಟವಾಗಿತ್ತು.

ಅದೇ ‘ಕೞ್ಚು’ ಧಾತುವನ್ನು ಮುಂದಿನ ಶತಮಾನಗಳಲ್ಲಿ ಹಿಂಬಾಲಿಸಿದರೆ ಅಕ್ಷರದ ಹಣೆಬರಹವೇ ಕಾಣಿಸುತ್ತದೆ. 11, 12ನೆಯ ಶತಮಾನಗಳ ದಾನಶಾಸನಗಳಲ್ಲಿ ದಾನ ಪಡೆಯುವವರ ಪಾದ ತೊಳೆದು, ಧಾರೆಯೆರೆದು ಕೊಟ್ಟುದನ್ನು ಹೇಳುವ ಒಂದು ಸಿದ್ಧ ಮಾತು ಮತ್ತೆ ಮತ್ತೆ ಬರುತ್ತದೆ: ‘ಕಾಲಂ ಕರ್ಚಿ ಧಾರಾಪೂರ್ವಕಂ’. ಕೞ್ಚು ಇಲ್ಲಿ ಕರ್ಚು ಆಗಿದೆ. ಮುಂದೆ ಅದೂ ಸವೆದು ‘ಕಚ್ಚು’ ಎಂದಾಯಿತು. ಅಕ್ಷರ ಮೊದಲು ರಕಾರವಾಗಿ, ಆಮೇಲೆ ಮುಂದಿನ ವ್ಯಂಜನದಲ್ಲಿ ಕರಗಿಹೋಯಿತು.

ಊರಿನ ಹೆಸರುಗಳಲ್ಲೂ ೞ ಮೆರೆದಿತ್ತು. ಪೊೞಲ್ ಎಂದರೆ ಪಟ್ಟಣ. ಚಾಲುಕ್ಯರ ದೇಗುಲಗಳಿಗೆ ಹೆಸರಾದ ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊೞಲ್, ಅಂದರೆ ಕೆಂಪು ಪಟ್ಟಣ. ಸುಮಾರು 850ರ ‘ಕವಿರಾಜಮಾರ್ಗ’ ಕನ್ನಡದ ತಿರುಳಿರುವ ಪ್ರದೇಶವನ್ನು ನಾಲ್ಕು ಊರುಗಳ ಹೆಸರು ಹೇಳಿ ಗುರುತಿಸುತ್ತದೆ: ಕಿಸುವೊೞಲ್, ಕೊಪಣ, ಪುಲಿಗೆಱೆ, ಒಂಕುಂದ. ಇವುಗಳಲ್ಲಿ ಮೊದಲನೆಯದರಲ್ಲಿ ೞ ಇದೆ, ಮೂರನೆಯದಾದ ಇಂದಿನ ಲಕ್ಷ್ಮೇಶ್ವರದ ಹೆಸರಿನಲ್ಲಿ ಱ ಇದೆ. ಕನ್ನಡದ ತಿರುಳು ಎಂದು ಕವಿ ಕರೆದ ನಾಡಿನ ಹೆಸರುಗಳನ್ನು ಇಂದಿನ ವರ್ಣಮಾಲೆಯಿಂದ ಸರಿಯಾಗಿ ಬರೆಯಲಾಗುವುದಿಲ್ಲ.

ಎರಡು ದಾರಿ

ೞ ಮರೆಯಾದದ್ದು ಒಂದೇ ಸಲಕ್ಕಲ್ಲ, ಒಂದೇ ದಾರಿಯಲ್ಲೂ ಅಲ್ಲ. ಪದದಲ್ಲಿ ಅದು ನಿಂತ ಜಾಗವೇ ಅದರ ದಾರಿಯನ್ನು ನಿರ್ಧರಿಸಿತು.

ಮೊದಲು ಸಡಿಲಗೊಂಡದ್ದು ಇನ್ನೊಂದು ವ್ಯಂಜನದ ಹಿಂದೆ ಬರುವ ೞ. ಅದು ರಕಾರವಾಯಿತು, ಆ ರಕಾರ ಮುಂದಿನ ವ್ಯಂಜನದೊಡನೆ ಬೆರೆತು ಒತ್ತಕ್ಷರವಾಯಿತು. ಪೊೞ್ತು ಪೊರ್ತು ಆಗಿ, ಪೊತ್ತು ಆಗಿ, ಪಕಾರ ಹಕಾರವಾದ ಮೇಲೆ ‘ಹೊತ್ತು’ ಆಯಿತು. ಕೞ್ತೆ ‘ಕತ್ತೆ’ಯಾಯಿತು, ಕೞ್ತಲೆ ‘ಕತ್ತಲೆ’ಯಾಯಿತು, ಎೞ್ಪತ್ತು ‘ಎಪ್ಪತ್ತು’ ಆಯಿತು. ಹೊತ್ತು ಮುಳುಗಿ ಕತ್ತಲೆಯಾಯಿತು ಎನ್ನುವಾಗ ಎರಡು ೞಕಾರಗಳ ಅವಶೇಷ ಬಾಯಲ್ಲಿ ಹಾದುಹೋಗುತ್ತದೆ, ಆದರೆ ಅಲ್ಲಿ ಳಕಾರದ ಸುಳಿವೂ ಇಲ್ಲ.

ಎರಡನೆಯ ದಾರಿ ಎರಡು ಸ್ವರಗಳ ನಡುವೆ ಅಥವಾ ಪದದ ಕೊನೆಗೆ ನಿಂತ ೞಕಾರದ್ದು. ಅದು ಹೆಚ್ಚು ಕಾಲ ತಡೆದುಕೊಂಡಿತು. ನಾಲಗೆ ಅಂಗುಳವನ್ನು ಮುಟ್ಟದೆ ನಿಲ್ಲುವ ಶ್ರಮ ಬಿಟ್ಟು ಮುಟ್ಟತೊಡಗಿದಾಗ ಅದು ಳಕಾರವಾಯಿತು: ಮೞೆ ಮಳೆ, ಇೞಿ ಇಳಿ, ಸುೞಿ ಸುಳಿ, ಕೀೞ್ ಕೀಳು. ಇಂದಿನ ಕನ್ನಡದಲ್ಲಿ ಮೂಲ ೞ ಇದ್ದ ಪದಗಳಲ್ಲಿ ಬಹುಪಾಲು ಈ ಗುಂಪಿನವು. ನಡುವೆ ನಿಂತೂ ರಕಾರದ ದಾರಿ ಹಿಡಿದ ವಿರಳ ಉದಾಹರಣೆ ‘ನೆರಳು’. ಅದರ ಹಳೆಯ ರೂಪ ನೆೞಲ್. ಇಲ್ಲಿ ೞ ರಕಾರವಾದರೆ, ಅದರ ಮುಂದಿದ್ದ ಲಕಾರ ಳಕಾರವಾಯಿತು. ಆದುದರಿಂದ ನೆರಳಿನಲ್ಲಿರುವ ಳ ಹಳೆಯ ೞಕಾರದ ಉತ್ತರಾಧಿಕಾರಿಯಲ್ಲ. ಅದರ ಉತ್ತರಾಧಿಕಾರಿ ಪಕ್ಕದ ರ.

ಕಾಲನಿರ್ಣಯ ಹೇಗೆ?

ಬರೆಹ ಸಾಮಾನ್ಯವಾಗಿ ಮಾತಿಗಿಂತ ಹಿಂದೆ ಉಳಿಯುತ್ತದೆ. ಜನ ಳ ಎಂದು ಉಚ್ಚರಿಸತೊಡಗಿದ ಮೇಲೂ ಓದಿದವರು ೞ ಎಂದೇ ಬರೆದಿರಬಹುದು. ಹಾಗಾಗಿ ಈ ಬದಲಾವಣೆಯ ಕಾಲವನ್ನು ತಿಳಿಯಲು ವಿದ್ವಾಂಸರು ಮೂರು ಬಗೆಯ ಸಾಕ್ಷ್ಯ ಬಳಸುತ್ತಾರೆ.

ಒಂದನೆಯದು ಶಾಸನ. ಅದರ ಮೇಲೆ ಹೆಚ್ಚಾಗಿ ಕಾಲ ನಮೂದಾಗಿರುತ್ತದೆ, ಕಲ್ಲಿನ ಅಕ್ಷರವನ್ನು ಮುಂದಿನ ಲಿಪಿಕಾರ ತಿದ್ದಲಾರ. ಎ.ಎನ್. ನರಸಿಂಹಯ್ಯನವರು ಅತಿ ಹಳೆಯ ಶಾಸನಗಳ ಭಾಷೆಯನ್ನೂ, ಜಿ.ಎಸ್. ಗಾಯಿಯವರು ಅವುಗಳ ನಂತರದ 8ರಿಂದ 10ನೆಯ ಶತಮಾನದ ಶಾಸನಗಳ ಭಾಷೆಯನ್ನೂ ಅಕ್ಷರ ಅಕ್ಷರವಾಗಿ ಪರಿಶೀಲಿಸಿದ್ದಾರೆ. ವ್ಯಂಜನದ ಹಿಂದಿನ ೞ ರಕಾರವಾಗುವುದು ಮೊದಲ ಹಂತ. ಸ್ವರಗಳ ನಡುವಿನ ೞ ಳಕಾರವಾಗುವುದು ಎರಡನೆಯ ಹಂತ. ಮುಂದಿನ ಶಾಸನಗಳಲ್ಲಿ ೞ ಬರಬೇಕಾದಲ್ಲಿ ಳ, ಳ ಬರಬೇಕಾದಲ್ಲಿ ೞ ಕಾಣಿಸಿಕೊಳ್ಳುತ್ತದೆ. ಈ ಎರಡನೆಯ ಬಗೆಯ ತಪ್ಪೇ ಹೆಚ್ಚು ಹೇಳುತ್ತದೆ: ಬರೆದವನಿಗೆ ಹೀಗೊಂದು ಅಕ್ಷರವಿದೆ ಎಂಬುದು ನೆನಪಿದೆ, ಎಲ್ಲಿ ಎಂಬುದು ಕಿವಿಗೆ ಗೊತ್ತಾಗುತ್ತಿಲ್ಲ.

ಎರಡನೆಯದು ಪ್ರಾಸ. ಹಳಗನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಮೊದಲ ಸಾಲಿನಲ್ಲಿ ‘ಮೞೆ’ ಬಂದರೆ ಉಳಿದ ಸಾಲುಗಳ ಎರಡನೆಯ ಅಕ್ಷರವೂ ೞಕಾರವೇ ಆಗಬೇಕು; ‘ಬಳೆ’ಯನ್ನು ತಂದರೆ ಪ್ರಾಸ ಕೆಡುತ್ತದೆ. 10ನೆಯ ಶತಮಾನದ ಪಂಪ, ರನ್ನರ ಪದ್ಯಗಳಲ್ಲಿ ೞಕಾರಕ್ಕೆ ೞಕಾರವೇ ಜೊತೆಯಾಗುತ್ತದೆ. ೞಕಾರವನ್ನೂ ಳಕಾರವನ್ನೂ ಒಂದೇ ಪದ್ಯದ ಪ್ರಾಸದಲ್ಲಿ ಬೆರೆಸುವ ರೂಢಿ ಕಾಣಿಸಿಕೊಂಡಾಗ, ಕವಿಯ ಕಿವಿಗೂ ಕೇಳುಗರ ಕಿವಿಗೂ ಎರಡೂ ಒಂದೇ ಆಗಿದ್ದವು ಎಂದರ್ಥ.

ಮೂರನೆಯದು ವ್ಯಾಕರಣ. ಕೇಶಿರಾಜ ರೞದ ಲಕ್ಷಣ ಹೇಳಿ ಸುಮ್ಮನಾಗುವುದಿಲ್ಲ, ರೞ ಬರುವ ಪದಗಳನ್ನು ಹೆಸರು ಹಿಡಿದು ಪಟ್ಟಿ ಮಾಡುತ್ತಾನೆ. ಮಾತಿನಲ್ಲಿ ಜೀವಂತವಾಗಿರುವ ದನಿಗೆ ಇಂಥ ಪಟ್ಟಿ ಬೇಕಾಗುವುದಿಲ್ಲ. ಕ ಬರುವ ಪದಗಳನ್ನು ಯಾರೂ ಪಟ್ಟಿ ಮಾಡುವುದಿಲ್ಲ. 13ನೆಯ ಶತಮಾನದ ಹೊತ್ತಿಗೆ ೞ ಬಾಯಿಂದ ಕಲಿಯುವ ಅಕ್ಷರವಾಗಿರದೆ ಪುಸ್ತಕದಿಂದ ಕಲಿಯುವ ಅಕ್ಷರವಾಗಿತ್ತು ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ.

ಓಲೆಗರಿಗಳ ಸಾಕ್ಷ್ಯವನ್ನು ಈ ವಿಚಾರದಲ್ಲಿ ಹಾಗೆಯೇ ನಂಬಲಾಗುವುದಿಲ್ಲ. ಹಳೆಯ ಕಾವ್ಯಗಳ ದೊರೆತ ಪ್ರತಿಗಳು ಬಹುತೇಕ ಎಷ್ಟೋ ಶತಮಾನ ತಡವಾಗಿ ನಕಲಾದವು. ನಕಲು ಮಾಡಿದವರು ತಮ್ಮ ಕಾಲದ ರೂಢಿಯಂತೆ ೞಕಾರವನ್ನು ಳಕಾರವಾಗಿ ಬರೆದರು. ಇಂದು ಅಚ್ಚಾದ ಪಂಪಭಾರತದಲ್ಲಿ ೞ ಸರಿಯಾದ ಜಾಗದಲ್ಲಿ ಕಾಣುತ್ತಿದ್ದರೆ ಅದರ ಹಿಂದೆ ಗ್ರಂಥಸಂಪಾದಕರ ದುಡಿಮೆ ಇದೆ. ಪ್ರಾಸ, ಶಾಸನ, ಕೇಶಿರಾಜನ ಪಟ್ಟಿ, ತಮಿಳಿನ ಸಮಾನ ಪದ ಈ ನಾಲ್ಕನ್ನೂ ಒರೆಹಚ್ಚಿ ಅವರು ಅಕ್ಷರವನ್ನು ಅದರ ಮನೆಗೆ ಮರಳಿ ಸೇರಿಸಿದ್ದಾರೆ.

ಹೊಸಗನ್ನಡದ ವ್ಯಾಕರಣದಲ್ಲಿ ಉಳಿದ ಗುರುತು

ಅಕ್ಷರ ಹೋದರೂ ಅದರ ಹೆಜ್ಜೆ ಇಂದಿನ ಕ್ರಿಯಾಪದಗಳಲ್ಲಿ ಹಾಗೆಯೇ ಇದೆ. ಕನ್ನಡ ಕಲಿಯುವ ಹೊರಗಿನವರನ್ನು ಕಾಡುವ ಒಂದು ಪ್ರಶ್ನೆ ಇದು: ‘ಕೇಳು’ ಭೂತಕಾಲದಲ್ಲಿ ‘ಕೇಳಿದ’ ಆಗುತ್ತದೆ, ‘ಕೊಳ್ಳು’ ‘ಕೊಂಡ’ ಆಗುತ್ತದೆ, ಹಾಗಿರುವಾಗ ‘ಬೀಳು’ ಯಾಕೆ ‘ಬಿದ್ದ’? ‘ಅಳು’ ಯಾಕೆ ‘ಅತ್ತ’?

ಹೊಸಗನ್ನಡದ ವರ್ಣಮಾಲೆಯೊಳಗೆ ಇದಕ್ಕೆ ಉತ್ತರವಿಲ್ಲ. ಎಲ್ಲದರಲ್ಲೂ ಕಾಣುವುದು ಳ. ಹಳಗನ್ನಡದ ರೂಪಗಳನ್ನು ಬರೆದರೆ ಗಂಟು ಬಿಚ್ಚಿಕೊಳ್ಳುತ್ತದೆ. ಕೇಳ್, ಕೊಳ್ ಇವು ಕುಳದ ಧಾತುಗಳು. ಬೀೞ್, ಏೞ್, ಅೞ್, ಉೞ್, ಕೀೞ್ ಇವು ರೞದ ಧಾತುಗಳು. ಭೂತಕಾಲದ ದಕಾರವೋ ತಕಾರವೋ ಸೇರಿದಾಗ ೞ ವ್ಯಂಜನದ ಹಿಂದೆ ಬಂದು ನಿಲ್ಲುತ್ತದೆ, ಮೊದಲ ದಾರಿ ಹಿಡಿಯುತ್ತದೆ. ಬಿೞ್ದು ಬಿರ್ದು ಆಗಿ ‘ಬಿದ್ದು’, ಎೞ್ದು ಎರ್ದು ಆಗಿ ‘ಎದ್ದು’, ಅೞ್ತು ‘ಅತ್ತು’, ಉೞ್ತು ‘ಉತ್ತು’, ಕಿೞ್ತು ‘ಕಿತ್ತು’. ಪ್ರತ್ಯಯ ಹತ್ತದ ಮೂಲರೂಪದಲ್ಲಿ ಅದೇ ೞ ಎರಡನೆಯ ದಾರಿ ಹಿಡಿದು ಬೀಳು, ಏಳು, ಅಳು, ಉಳು, ಕೀಳು ಆಯಿತು. ಒಂದೇ ಕ್ರಿಯಾಪದದ ಎರಡು ರೂಪಗಳಲ್ಲಿ ಅಕ್ಷರ ಎರಡು ದಾರಿ ಹಿಡಿದದ್ದರಿಂದ ಇಂದಿನ ಅಕ್ರಮ ಉಂಟಾಯಿತು.

ಎಲ್ಲ ರೞ ಧಾತುಗಳೂ ಹೀಗೆ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಪೇೞ್ ಮತ್ತು ಬಾೞ್ ಹಳಗನ್ನಡದಲ್ಲಿ ಪೇೞ್ದಂ, ಬಾ‍ೞ್ದಂ ಎಂದಿದ್ದರೂ ಹೊಸಗನ್ನಡದಲ್ಲಿ ‘ಹೇಳಿದ’, ‘ಬಾಳಿದ’ ಎಂದು ಇಕಾರ ಸೇರಿಸಿಕೊಂಡು ಸಾಮಾನ್ಯ ಕ್ರಿಯಾಪದಗಳ ಜೊತೆ ಸೇರಿದವು. ಸಂಖ್ಯೆಗಳಲ್ಲೂ ಇದೇ ಇಬ್ಬಗೆ: ‘ಏಳು’ ಎಂಬಲ್ಲಿ ಳ, ‘ಎಪ್ಪತ್ತು’ ಎಂಬಲ್ಲಿ ಪಕಾರದ ಒತ್ತು. ಏಳಕ್ಕೂ ಎಪ್ಪತ್ತಕ್ಕೂ ಸಂಬಂಧ ಕಾಣಿಸುವುದು ಏೞು, ಎೞ್ಪತ್ತು ಎಂದು ಬರೆದಾಗ ಮಾತ್ರ.

ಜೊತೆಗಾರ ಅಕ್ಷರ ಱ

ೞಕಾರದ ಹೆಸರು ಬಂದಲ್ಲೆಲ್ಲ ಜೊತೆಗೆ ಬರುವ ಇನ್ನೊಂದು ಅಕ್ಷರ ಱ. ಇದಕ್ಕೆ ಶಕಟರೇಫ ಎಂಬ ಹೆಸರಿದೆ. ಶಕಟ ಎಂದರೆ ಬಂಡಿ. ತೆಲುಗಿನವರೂ ತಮ್ಮ ಈ ಅಕ್ಷರವನ್ನು ‘ಬಂಡಿ ರ’ ಎನ್ನುತ್ತಾರೆ. ಸಾಮಾನ್ಯ ರಕಾರಕ್ಕಿಂತ ಒತ್ತಿ ಹೇಳುವ ದನಿ ಇದು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಕರೆ ಎಂದರೆ ಕೂಗು, ಕಱೆ ಎಂದರೆ ಹಾಲು ಹಿಂಡು. ಪೊರೆ ಎಂದರೆ ಕಾಪಾಡು, ಪೊಱೆ ಎಂದರೆ ಭಾರ. ಆಱು, ನೂಱು, ಕೆಱೆ, ಕುಱಿ, ಬೇಱೆ, ಏಱು ಇವೆಲ್ಲ ಶಕಟರೇಫದ ಪದಗಳು. ಬಾದಾಮಿಯ ಕಪ್ಪೆ ಅರಭಟ್ಟನ ಸುಮಾರು 700ರ ಶಾಸನದಲ್ಲಿ ಬರುವ ‘ಪೆಱ’ ಎಂಬ ಪದ, ಅಂದರೆ ‘ಬೇರೆಯವನು’, ಇದೇ ಅಕ್ಷರದ್ದು.

ಱಕಾರದ ಬದಲಾವಣೆ ಸರಳ: ಅದು ರಕಾರದಲ್ಲಿ ಸೇರಿಹೋಯಿತು, ಅಷ್ಟೆ. ದನಿಯ ಭೇದ ಅಳಿದ ಮೇಲೂ ಬರೆಹದಲ್ಲಿ ಅದು ೞಕಾರಕ್ಕಿಂತ ಹೆಚ್ಚು ಕಾಲ ಉಳಿಯಿತು. ಕ್ರಿಯಾಪದಗಳಲ್ಲಿ ೞ ಬಿಟ್ಟುಹೋದಂಥ ಗೋಜಲನ್ನು ಅದು ಬಿಟ್ಟುಹೋಗಲಿಲ್ಲ.

ನೆರೆಯ ಭಾಷೆಗಳಲ್ಲಿ

ೞಕಾರವನ್ನು ಇಂದಿಗೂ ದನಿಯಾಗಿ, ಅಕ್ಷರವಾಗಿ ಉಳಿಸಿಕೊಂಡಿರುವ ದೊಡ್ಡ ಭಾಷೆಗಳು ತಮಿಳು ಮತ್ತು ಮಲಯಾಳಂ. ತಮಿಳು ತನ್ನ ಹೆಸರನ್ನೇ ಈ ಅಕ್ಷರದಿಂದ ಬರೆಯುತ್ತದೆ. ಆದರೂ ತಮಿಳು ನಾಡಿನ ಆಡುಮಾತಿನಲ್ಲಿ ಇದು ಎಲ್ಲೆಡೆ ಉಳಿದಿಲ್ಲ: ದಕ್ಷಿಣದಲ್ಲಿ ಹಲವರು ಇದನ್ನು ಳ ಎನ್ನುತ್ತಾರೆ, ಚೆನ್ನೈ ಕಡೆಯ ಆಡುನುಡಿಯಲ್ಲಿ ಯ ಆಗುವುದೂ ಉಂಟು. ಕನ್ನಡ ಸಾವಿರ ವರ್ಷಗಳ ಹಿಂದೆ ನಡೆದ ದಾರಿಯಲ್ಲಿ ಆ ಆಡುನುಡಿಗಳು ಈಗ ನಡೆಯುತ್ತಿವೆ. ಮಲಯಾಳಂ ಉಚ್ಚಾರಣೆಯಲ್ಲಿ ಇದು ಹೆಚ್ಚು ಗಟ್ಟಿಯಾಗಿ ನಿಂತಿದೆ.

ತೆಲುಗಿನಲ್ಲಿ ೞ ಸಾಮಾನ್ಯವಾಗಿ ಡಕಾರವಾಯಿತು. ಏಳಕ್ಕೆ ‘ಏಡು’, ಕೋಳಿಗೆ ‘ಕೋಡಿ’, ನೆರಳಿಗೆ ‘ನೀಡ’, ಚೋಳರಿಗೆ ‘ಚೋಡ’ ಎಂಬ ರೂಪಗಳು ಹುಟ್ಟಿದ್ದು ಹೀಗೆ. ತುಳುವಿನ ಸಾಮಾನ್ಯ ಆಡುನುಡಿಯಲ್ಲಿ ಅದು ರಕಾರವಾಗಿದೆ: ಕೋಳಿಗೆ ‘ಕೋರಿ’, ಬಾಳೆಗೆ ‘ಬಾರೆ’, ಬೀಳುವುದಕ್ಕೆ ‘ಬೂರು’. ಕರಾವಳಿಯ ಹೋಟೆಲುಗಳಲ್ಲಿ ‘ಕೋರಿ ರೊಟ್ಟಿ’ ಎಂದು ಬರೆದ ಫಲಕ ಕಂಡರೆ ಅಲ್ಲಿರುವ ರಕಾರ, ಕನ್ನಡದ ಕೋಳಿಯಲ್ಲಿರುವ ಳಕಾರ ಮತ್ತು ತೆಲುಗಿನ ಕೋಡಿಯಲ್ಲಿರುವ ಡಕಾರ ಮೂರೂ ಒಂದೇ ೞಕಾರದ ಮಕ್ಕಳು. ತುಳುವಿನಲ್ಲಿ ಹೊತ್ತಿಗೆ ಹೇಳುವ ‘ಪೊರ್ತು’ ಕನ್ನಡದಲ್ಲಿ ಪೊೞ್ತು ಹೊತ್ತಾಗುವ ನಡುವಿನ ಹಂತವನ್ನು ಹಾಗೆಯೇ ಹಿಡಿದಿಟ್ಟಿದೆ.

ಕನ್ನಡಕ್ಕೆ ತೀರ ಹತ್ತಿರದ, ನೀಲಗಿರಿಯ ಬಡಗ ನುಡಿಯಲ್ಲಿ ಇನ್ನೂ ವಿಚಿತ್ರವಾದ ಶೇಷವಿದೆ. 1939ರಲ್ಲಿ ಎಮಿನೋ ವಿವರಿಸಿದಂತೆ, ಅಲ್ಲಿ ನಾಲಗೆಯನ್ನು ಹಿಂದಕ್ಕೆ ಮಡಚಿ ಉಚ್ಚರಿಸುವ ಸ್ವರಗಳಿದ್ದವು. ೞ ಮೊದಲಾದ ವ್ಯಂಜನಗಳು ಬಿದ್ದುಹೋದ ಮೇಲೆ ಅವುಗಳ ನಾಲಗೆಯ ಮಡಿಕೆ ಪಕ್ಕದ ಸ್ವರದ ಮೇಲೆ ಉಳಿಯಿತು.

ಅಚ್ಚು, ನಿಘಂಟು, ಕಂಪ್ಯೂಟರು

19ನೆಯ ಶತಮಾನದಲ್ಲಿ ಹಳಗನ್ನಡ ಗ್ರಂಥಗಳು ಅಚ್ಚಿಗೆ ಬಂದಾಗ ಮರೆತುಹೋಗಿದ್ದ ಅಕ್ಷರಗಳಿಗೆ ಮೊಳೆ ಎರಕ ಹೊಯ್ಯಬೇಕಾಯಿತು. ಮಂಗಳೂರಿನ ಬಾಸೆಲ್ ಮಿಷನ್‌ನ ಫರ್ಡಿನೆಂಡ್ ಕಿಟೆಲ್ 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1894ರಲ್ಲಿ ಹೊರಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪದಗಳ ಹಳೆಯ ರೂಪಗಳನ್ನು ೞ, ಱಗಳೊಂದಿಗೆ ಕೊಡುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಕೊಡುವಾಗ ಇದೇ ಕ್ರಮವನ್ನು ಪಾಲಿಸಿದೆ.

ಕಂಪ್ಯೂಟರ್ ಯುಗದಲ್ಲಿ ಈ ಅಕ್ಷರಕ್ಕೆ ಒಂದು ಅವಘಡವೂ ಆಯಿತು. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ಸ್ಥಾನ ಸಿಕ್ಕಿತು. ದಶಮಾನದಲ್ಲಿ ಹೇಳುವುದಾದರೆ ಅದರ ಸಂಖ್ಯೆ 3294. ಆದರೆ ಅದರ ಎದುರು ಬಿದ್ದ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’. ಕನ್ನಡದ ೞಕಾರಕ್ಕೂ ಫಾ ಎಂಬ ದನಿಗೂ ಯಾವ ಸಂಬಂಧವೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದು ಎಂಬುದು ಆ ವ್ಯವಸ್ಥೆಯ ನಿಯಮ. ಆದ್ದರಿಂದ ತಪ್ಪನ್ನು ಅಳಿಸದೆ, ತಿದ್ದುಪಡಿಯಾಗಿ ‘ಕನ್ನಡ ಲೆಟರ್ ಳ್ಳ್ಳಾ’ ಎಂಬಂತೆ ಓದಬಹುದಾದ ಇನ್ನೊಂದು ಹೆಸರನ್ನು ಪಕ್ಕದಲ್ಲಿ ಸೇರಿಸಲಾಗಿದೆ. ಹೆಸರು ತಪ್ಪಿದ್ದರೂ ಅಕ್ಷರ ಮೂಡುವುದಕ್ಕೆ ತೊಂದರೆಯಿಲ್ಲ. ತೆಲುಗಿನ ೞಕಾರ ಈ ಪಟ್ಟಿಗೆ ಸೇರಿದ್ದು ಬಹಳ ತಡವಾಗಿ, 2014ರಲ್ಲಿ.

ಇಂದಿನ ಬಳಕೆ

ಈಗ ೞ ಕಾಣುವುದು ಹಳಗನ್ನಡ ಕಾವ್ಯಗಳ ಆವೃತ್ತಿಗಳಲ್ಲಿ, ಶಾಸನ ಸಂಪುಟಗಳಲ್ಲಿ, ನಿಘಂಟುಗಳಲ್ಲಿ ಮತ್ತು ಹಳಗನ್ನಡ ಪಾಠಗಳಲ್ಲಿ. ತರಗತಿಗಳಲ್ಲಿ ಸಾಮಾನ್ಯವಾಗಿ ಅದನ್ನು ಳ ಎಂದೇ ಓದಲಾಗುತ್ತದೆ. ದಿನಬಳಕೆಯ ಬರೆಹಕ್ಕೆ ಅದನ್ನು ಮರಳಿ ತರುವ ಅಗತ್ಯವಿಲ್ಲ. ದನಿ ಇಲ್ಲದ ಮೇಲೆ ಅಕ್ಷರ ಮಕ್ಕಳಿಗೆ ಹೊರೆಯಾಗುತ್ತದೆಯೇ ಹೊರತು ನೆರವಾಗುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಅದರ ಇತಿಹಾಸ ಇಂದಿನ ಬರೆಹಕ್ಕೂ ದಾರಿ ತೋರಿಸುತ್ತದೆ. ತಮಿಳು, ಮಲಯಾಳಂ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಇಂಗ್ಲಿಷ್ ಕಾಗುಣಿತವನ್ನು ನೋಡಿ ‘ಆಲಪ್ಪುಝ’, ‘ಕೋಝಿಕ್ಕೋಡ್’, ‘ಕಝಗಂ’ ಎಂದು ಝಕಾರ ಹಾಕುವ ರೂಢಿ ಬೆಳೆದಿದೆ. ಆ ಊರಿನವರ ಬಾಯಲ್ಲಿ ಝ ಇಲ್ಲ. ಅದು ಇಂಗ್ಲಿಷಿನವರು ೞಕಾರಕ್ಕೆ ಕಂಡುಕೊಂಡ ಸಂಜ್ಞೆಯ ಅಕ್ಷರಶಃ ನಕಲು. ತಮಿೞನ್ನು ತಮಿಳು, ಚೋೞನನ್ನು ಚೋಳ ಎಂದು ಕನ್ನಡ ತನ್ನದೇ ನಿಯಮದಂತೆ ಬರೆದು ಶತಮಾನಗಳಾದವು. ಅದೇ ನಿಯಮದಂತೆ ಆಲಪ್ಪುಳ, ಕೋಳಿಕ್ಕೋಡು, ಕಳಗಂ ಎಂಬುವೇ ಸರಿ. ಮೂಲದ ದನಿಯನ್ನು ನಿಖರವಾಗಿ ತೋರಿಸಲೇಬೇಕಾದ ಪಾಂಡಿತ್ಯದ ಬರೆಹದಲ್ಲಿ ಕನ್ನಡದ್ದೇ ಆದ ೞ ಸಿದ್ಧವಾಗಿದೆ.

ಒಂದು ವಸ್ತು ಉಳಿಯುತ್ತದೋ ಇಲ್ಲವೋ ಎಂಬುದಕ್ಕೆ ಕನ್ನಡದಲ್ಲಿ ‘ಅಳಿವು–ಉಳಿವಿನ ಪ್ರಶ್ನೆ’ ಎನ್ನುವುದುಂಟು. ಹಳಗನ್ನಡದಲ್ಲಿ ಅವು ಅೞಿವು, ಉೞಿವು. ಎರಡರಲ್ಲೂ ಇದ್ದದ್ದು ೞ.